‘ಗುಣವಾಯಿತೇ ಟೀಚರ್?’

(ನನಗೆ ಬಂದ ಮೆಲನೋಮ ಎಂಬ ಕ್ಯಾನ್ಸರಿನ ಬಗ್ಗೆ ಸೋಮವಾರಪೇಟೆಯಲ್ಲಿ ಇತ್ತೀಚೆಗೆ ನಾನಾಡಿದ ಮಾತುಗಳ ಬರಹ ರೂಪ ಇದು. ಎರಡೆರಡು ಸಲ ಹೇಳಿದ್ದನ್ನು ಒಂದಕ್ಕಿಳಿಸಿದ್ದೇನೆ. ವೇದಿಕೆಯ ಮೇಲೆ ಮರೆತ ಒಂದೆರಡು ವಿಷಯಗಳನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಳಗೆ ಬರುವಾಗ ಬಾಗಿಲ ಬಳಿ ಚಪ್ಪಲಿಗಳ ರಾಶಿ ಕಂಡಿತು. ಮಳೆ ನಿಂತು ಬಹಳ ದಿನವಾದರೂ ಯಾರದೋ ಎರಡು ಜೊತೆ ಗಮ್ ಬೂಟುಗಳೂ ಇದ್ದವು. ತೋಟದಿಂದ ನೇರವಾಗಿ ಬಂದವರಿರಬೇಕು. ಅಲ್ಲಿಗೆ ಇಲ್ಲಿ ಕೂತವರೆಲ್ಲ ಈಗ ಬರಿಗಾಲಿನವರು. ಒಂದು ಪ್ರಶ್ನೆ ಕೇಳುತ್ತೇನೆ, ಕೈ ಎತ್ತುವುದು ಬೇಡ. ನಿಮ್ಮ ಅಂಗಾಲನ್ನು ನೀವು ಕೊನೆಯ ಸಲ ನೋಡಿಕೊಂಡದ್ದು ಯಾವಾಗ? ಮುಖವನ್ನು ದಿನಕ್ಕೆ ಹತ್ತು ಸಲ ಕನ್ನಡಿಯಲ್ಲಿ ನೋಡುತ್ತೇವೆ. ಅಂಗಾಲು ನೆನಪಾಗುವುದು ಮುಳ್ಳು ಚುಚ್ಚಿದಾಗ. ಮುಳ್ಳು ತೆಗೆದ ಮೇಲೆ ಮತ್ತೆ ಮರೆಯುತ್ತೇವೆ.

ನಾನು 32 ವರ್ಷ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿದವಳು. ಈ ಸಭೆಯಲ್ಲೇ ನನ್ನ ವಿದ್ಯಾರ್ಥಿಗಳು ಏಳೆಂಟು ಮಂದಿ ಇದ್ದಾರೆ. ಅವರಲ್ಲೊಬ್ಬರ ತಲೆ ನನ್ನ ತಲೆಗಿಂತ ಬೆಳ್ಳಗಾಗಿದೆ. ಚರ್ಮದ ಅಡ್ಡಸೀಳಿಕೆಯ ಚಿತ್ರವನ್ನು ಹಲಗೆಯ ಮೇಲೆ ಬಿಡಿಸಿ, ಹೊರಚರ್ಮದ ತಳದಲ್ಲಿ ಕೈಕಾಲು ಚಾಚಿದಂತಿರುವ ಕೆಲವು ಕೋಶಗಳನ್ನು ಗುರುತಿಸಿ, ‘ಇವು ಮೆಲನೋಸೈಟ್‌ಗಳು, ನಮ್ಮ ಮೈಬಣ್ಣದ ಮೆಲನಿನ್ ತಯಾರಾಗುವುದು ಇಲ್ಲಿ’ ಎಂದು ವರ್ಷಕ್ಕೊಮ್ಮೆ ಹೇಳುತ್ತಿದ್ದೆ. ಎರಡು ಅಂಕದ ಪ್ರಶ್ನೆ. ಈ ಕೋಶ ದಾರಿ ತಪ್ಪಿದರೆ ಮೆಲನೋಮ ಎಂಬ ಕ್ಯಾನ್ಸರ್ ಬರುತ್ತದೆ, ಬಿಸಿಲಿನಿಂದ ಬಿಳಿಯರಿಗೆ ಬರುವುದು ಹೆಚ್ಚು ಎಂದು ಒಂದು ಸಾಲು ಸೇರಿಸುತ್ತಿದ್ದೆ. ಅಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು.

ನಾನು ಹೇಳಿದ್ದು ಸುಳ್ಳಲ್ಲ, ಅರ್ಧ ಮಾತ್ರ. ನಮ್ಮಂಥ ಕಂದು ಮೈಯವರಲ್ಲಿ ಮೆಲನೋಮ ಅಪರೂಪ. ಬಂದರೆ ಅದು ಬಿಸಿಲು ಬೀಳದ ಜಾಗವನ್ನೇ ಹುಡುಕಿಕೊಂಡು ಬರುವುದು ಹೆಚ್ಚು: ಅಂಗಾಲು, ಅಂಗೈ, ಉಗುರಿನಡಿ. ಕೆಲವರಿಗೆ ಬಾಯೊಳಗೆ, ಮೂಗಿನೊಳಗೆ. ಮಾಂದಲಪಟ್ಟಿಗೆ ಪ್ರವಾಸಿಗರನ್ನು ಕರೆದೊಯ್ಯುವ ಜೀಪುಗಳ ಹಿಂದೆ ಜಟೆ ಬಿಟ್ಟ ಗಾಯಕನೊಬ್ಬನ ಚಿತ್ರ ಅಂಟಿಸಿರುವುದನ್ನು ನೋಡಿರುತ್ತೀರಿ. ಅವನು ಜಮೈಕಾದ ಬಾಬ್ ಮಾರ್ಲೆ. 1977ರಲ್ಲಿ ಅವನ ಬಲಗಾಲಿನ ಹೆಬ್ಬೆರಳ ಉಗುರಿನಡಿ ಮೆಲನೋಮ ಪತ್ತೆಯಾಯಿತು. ಅದಕ್ಕೆ ಮೊದಲು ಅದನ್ನು ಫುಟ್‌ಬಾಲ್ ಆಡುವಾಗ ಆದ ಗಾಯವೆಂದು ತಿಳಿದಿದ್ದರು. 1981ರ ಮೇ ತಿಂಗಳಲ್ಲಿ ಅವನು ತೀರಿಕೊಂಡಾಗ ಅವನಿಗೆ ಬರೀ 36 ವರ್ಷ. ಜೀಪಿನ ಹುಡುಗನೊಬ್ಬನಿಗೆ ಇದನ್ನು ಹೇಳಿದೆ. ಅವನು ಬ್ರೇಕ್ ಹಾಕಿ ನಿಲ್ಲಿಸಿ ತನ್ನ ಉಗುರು ನೋಡಿಕೊಂಡ. ನನಗೆ ಅಷ್ಟು ಸಾಕಾಯಿತು.

ನನ್ನದಕ್ಕೆ ಬರುತ್ತೇನೆ. 2020ರ ಮೇ ತಿಂಗಳಲ್ಲಿ ನಿವೃತ್ತಳಾದೆ. ಕೊರೊನಾ ಕಾಲ, ಬೀಳ್ಕೊಡುಗೆಯೂ ಇಲ್ಲ, ಹಾರವೂ ಇಲ್ಲ. ಆ ಮಳೆಗಾಲ ಪೂರ್ತಿ ತೋಟದಲ್ಲೇ ಇದ್ದೆ. ಎಡಗಾಲಿನ ಹಿಮ್ಮಡಿಯ ಗುರುತನ್ನು ಮೊದಲು ಕಂಡದ್ದು ನಾನಲ್ಲ, ನಮ್ಮಲ್ಲಿ ಕೆಲಸಕ್ಕೆ ಬರುವ ಹೆಂಗಸು. ಮೆಟ್ಟಿಲ ಮೇಲೆ ಕೂತು ಇಬ್ಬರೂ ಜಿಗಣೆ ಕಿತ್ತು ಉಪ್ಪಿನ ಡಬ್ಬಿಗೆ ಹಾಕುತ್ತಿದ್ದಾಗ ಅವಳು ನನ್ನ ಕಾಲು ಎತ್ತಿ ಹಿಡಿದು, ‘ಅಮ್ಮಾ, ಇದು ಕಾಫಿ ಕರೆಯಲ್ಲ, ತೊಳೆದರೂ ಹೋಗುತ್ತಿಲ್ಲ’ ಎಂದಳು. ಹುಣಸೆಬೀಜದಷ್ಟು ದೊಡ್ಡದು. ಒಂದು ಬದಿ ಕಡುಕಪ್ಪು, ಇನ್ನೊಂದು ಬದಿ ಹುರಿದ ಕಾಫಿಪುಡಿಯ ಬಣ್ಣ, ಅಂಚು ಭೂಪಟದಲ್ಲಿ ಕರಾವಳಿ ಇದ್ದ ಹಾಗೆ ಅಂಕುಡೊಂಕು. ಪಾಠ ಮಾಡಿದವಳಿಗೆ ಅಷ್ಟರಿಂದಲೇ ತಿಳಿಯಬೇಕಿತ್ತು. ನಾನು ಆಣಿ ಎಂದುಕೊಂಡೆ. ಔಷಧದ ಅಂಗಡಿಯಿಂದ ಆಣಿಗೆ ಹಚ್ಚುವ ಪಟ್ಟಿ ತಂದು ಐದಾರು ತಿಂಗಳು ಅಂಟಿಸಿಕೊಂಡೆ.

ಅರೇಬಿಕಾ ಬೆಳೆಯುವವರಿಗೆ ಬಿಳಿ ಕಾಂಡಕೊರಕದ ವಿಷಯ ಹೇಳಬೇಕಿಲ್ಲ. ಗಿಡ ಹಸಿರಾಗಿಯೇ ನಿಂತಿರುತ್ತದೆ, ಕಾಂಡದ ತೊಗಟೆಯ ಮೇಲೆ ಉಬ್ಬಿದ ಗೆರೆಯೊಂದು ಓಡಿರುತ್ತದೆ; ಗೆರೆ ಕಂಡಲ್ಲಿ ಒಳಗೆ ಹುಳ ಇದೆ. ಆ ಗೆರೆ ಹುಡುಕಲು ಕೂಲಿ ಕೊಟ್ಟು ಆಳು ಇಡುತ್ತೇವೆ. ಸಾವಿರ ಗಿಡದ ಕಾಂಡ ಸವರಿ ನೋಡಿದವಳು ನಾನು, ನನ್ನ ಎರಡು ಕಾಲು ನೋಡಿಕೊಳ್ಳಲಿಲ್ಲ.

ಡಿಸೆಂಬರಿನಲ್ಲಿ, ಕಾಫಿ ಕೊಯ್ಲಿನ ನಡುವೆ, ಕಾಲುಚೀಲ ಹಿಮ್ಮಡಿಗೆ ಅಂಟಿಕೊಳ್ಳತೊಡಗಿತು. ಬಿಡಿಸಿದರೆ ರಕ್ತ. ಒಂದು ಕ್ಲಿನಿಕ್ಕಿಗೆ ಹೋದೆ. ಕೆರೆದರು, ಸುಟ್ಟರು, ಬ್ಯಾಂಡೇಜ್ ಕಟ್ಟಿದರು. ಕೆರೆದು ತೆಗೆದದ್ದು ಹತ್ತಿಯ ಜೊತೆ ಕಸದ ಬುಟ್ಟಿಗೆ ಹೋಯಿತು. ಎಲ್ಲಿ, ಯಾರು ಎಂದು ಹೇಳುವುದಿಲ್ಲ. ಸಿಟ್ಟು ಇನ್ನೂ ಇದೆ. ಆದರೆ ಪಟ್ಟಿ ಅಂಟಿಸಿಕೊಂಡು ಕೂತವಳು ನಾನೇ ಆದ್ದರಿಂದ ಪೂರ್ತಿ ಸಿಟ್ಟು ಮಾಡುವ ಹಕ್ಕೂ ನನಗಿಲ್ಲ. ಒಂದೇ ಮಾತು ಹೇಳುತ್ತೇನೆ, ಇದನ್ನು ಮಾತ್ರ ಮನೆಗೆ ತೆಗೆದುಕೊಂಡು ಹೋಗಿ. ಕಪ್ಪಾದದ್ದನ್ನು ಮೈಯಿಂದ ತೆಗೆದರೆ ಅದು ಲ್ಯಾಬಿಗೆ ಹೋಗಬೇಕು. ಬುಟ್ಟಿಗಲ್ಲ. ಕೇಳಲು ಸಂಕೋಚ ಪಡಬೇಡಿ, ‘ಬಯಾಪ್ಸಿಗೆ ಕಳಿಸುತ್ತೀರಾ?’ ಎಂಬುದು ಎರಡೇ ಪದದ ಪ್ರಶ್ನೆ.

2021ರ ಫೆಬ್ರುವರಿಯಲ್ಲಿ ಮೈಸೂರಿನಲ್ಲಿ ಬಯಾಪ್ಸಿ ಆಯಿತು. ವರದಿಯಲ್ಲಿ ಒಂದು ಅಂಕಿ ಇತ್ತು: 4.2 ಮಿಲಿಮೀಟರ್. ಇದಕ್ಕೆ ಬ್ರೆಸ್ಲೋ ದಪ್ಪ ಎನ್ನುತ್ತಾರೆ. ಮೆಲನೋಮ ಎಷ್ಟು ಅಗಲ ಹಬ್ಬಿದೆ ಎನ್ನುವುದಕ್ಕಿಂತ ಎಷ್ಟು ಆಳಕ್ಕೆ ಇಳಿದಿದೆ ಎನ್ನುವುದು ಮುಖ್ಯ ಎಂದು 1970ರಲ್ಲಿ ಅಲೆಕ್ಸಾಂಡರ್ ಬ್ರೆಸ್ಲೋ ಎಂಬ ರೋಗಶಾಸ್ತ್ರಜ್ಞರು ತೋರಿಸಿಕೊಟ್ಟರು. ಒಂದು ಮಿಲಿಮೀಟರಿನೊಳಗೆ ಸಿಕ್ಕಿದವರಲ್ಲಿ ಹೆಚ್ಚಿನವರು ಕತ್ತರಿಸಿ ತೆಗೆಸಿಕೊಂಡು ಮನೆಗೆ ಹೋಗುತ್ತಾರೆ. ನನ್ನದು ಒಂದು ಕರಿಮೆಣಸಿನ ಕಾಳಿನಷ್ಟು ಆಳ. ಆ ಒಂದು ಕಾಳಿನಿಂದಲೇ ಮುಂದಿನದೆಲ್ಲ.

ಶಸ್ತ್ರಚಿಕಿತ್ಸೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗುರುತಿನ ಸುತ್ತ ಎರಡು ಸೆಂಟಿಮೀಟರ್ ಸೇರಿಸಿ ತೆಗೆದರು, ತೊಡೆಯಿಂದ ಚರ್ಮ ತಂದು ಮುಚ್ಚಿದರು. ತೊಡೆಸಂದಿನ ದುಗ್ಧಗ್ರಂಥಿಯಲ್ಲಿ (ಲಿಂಫ್ ನೋಡ್) ರೋಗದ ಕೋಶಗಳು ಸಿಕ್ಕಿದವು; ಮೂರನೆಯ ಹಂತ ಎಂದರು. ತೊಡೆಯ ಚರ್ಮ ನೆಲ ತುಳಿಯಲು ಹುಟ್ಟಿದ್ದಲ್ಲ. ಹಾಗಾಗಿ ನನಗೆ ಮನೆಯೊಳಗೂ ಮೆತ್ತನೆಯ ಚಪ್ಪಲಿ ಬೇಕು. ದೇವರ ಕೋಣೆಗೆ ಏನು ಮಾಡುವುದು? ನಮ್ಮ ಅತ್ತೆಯವರಿಗೆ ಆಗ 86 ವರ್ಷ, ಮಡಿಯ ವಿಷಯದಲ್ಲಿ ಬಲು ಗಟ್ಟಿಗರು. ಅವರೇ ಒಂದು ಹೊಸ ಜೊತೆ ತರಿಸಿ, ನೀರು ಚಿಮುಕಿಸಿ, ‘ಇದು ಒಳಗಿನದು, ಹೊರಗೆ ಹಾಕಬೇಡ’ ಎಂದು ದೇವರ ಕೋಣೆಯ ಹೊಸ್ತಿಲ ಬಳಿ ಇಟ್ಟರು. ಅವರು ಈಗಿಲ್ಲ. ಚಪ್ಪಲಿ ಅಲ್ಲೇ ಇದೆ.

ಗ್ರಂಥಿಗಳನ್ನು ತೆಗೆದ ಮೇಲೆ ಕಾಲಿನ ದುಗ್ಧರಸ ಮೇಲೇರಲು ದಾರಿ ಸಾಲದು. ಸಂಜೆಯಾದಂತೆ ಎಡಗಾಲು ಊದಿಕೊಳ್ಳುತ್ತದೆ, ಬಿಗಿಯಾದ ಕಾಲುಚೀಲ ಹಾಕಬೇಕು. ಸಂತೆಯಲ್ಲಿ ಒಬ್ಬರು, ‘ಆನೆಕಾಲೇ ಟೀಚರ್?’ ಎಂದು ಕೇಳಿದರು. ಯಡವನಾಡಿನ ರಸ್ತೆಯಲ್ಲಿ ನಿಜವಾದ ಆನೆಕಾಲುಗಳನ್ನು ನೋಡಿದವರು ಹೀಗೆ ಕೇಳಬಾರದಿತ್ತು.

ಒಂದು ವರ್ಷ ನೆಮ್ಮದಿಯಾಗಿತ್ತು. 2022ರ ಮೇ ತಿಂಗಳಲ್ಲಿ ಒಣಕೆಮ್ಮು ಶುರುವಾಯಿತು. ಸ್ಕ್ಯಾನ್ ಮಾಡಿದರೆ ಶ್ವಾಸಕೋಶಗಳಲ್ಲಿ ನಾಲ್ಕು ಚುಕ್ಕೆ, ಯಕೃತ್ತಿನಲ್ಲಿ ಒಂದು. ‘ನಾಲ್ಕನೆಯ ಹಂತ’ ಎಂದರು ವೈದ್ಯರು. ನಮ್ಮ ಯಜಮಾನರು ಬಹಳ ಹೊತ್ತು ಸುಮ್ಮನಿದ್ದು, ‘ಒಟ್ಟು ಎಷ್ಟು ಹಂತ ಇರುತ್ತವೆ ಡಾಕ್ಟರೇ?’ ಎಂದು ಕೇಳಿದರು. ‘ನಾಲ್ಕೇ’ ಎಂದರು ಅವರು.

ಇಲ್ಲಿ ಸ್ವಲ್ಪ ಚರಿತ್ರೆ ಹೇಳಬೇಕು. ಹಬ್ಬಿದ ಮೆಲನೋಮಕ್ಕೆ 1975ರಲ್ಲಿ ಅಮೆರಿಕದಲ್ಲಿ ಡಕಾರ್ಬಜೀನ್ ಎಂಬ ಔಷಧಕ್ಕೆ ಅನುಮತಿ ಸಿಕ್ಕಿತು. ಅದರಿಂದ ಆಯಸ್ಸು ಹೆಚ್ಚಾಯಿತೆಂದು ಯಾರೂ ತೋರಿಸಲಾಗಲಿಲ್ಲ, ಆದರೂ ಮೂರು ದಶಕಕ್ಕೂ ಹೆಚ್ಚು ಕಾಲ ಅದನ್ನೇ ಕೊಡುತ್ತಿದ್ದರು, ಬೇರೆ ಇರಲಿಲ್ಲ. ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವರ್ಷ ಕಳೆಯುತ್ತಿರಲಿಲ್ಲ. 2011ರಲ್ಲಿ ಇಪಿಲಿಮುಮಾಬ್ ಬಂತು, 2014ರಲ್ಲಿ ಪೆಂಬ್ರೊಲಿಜುಮಾಬ್ ಮತ್ತು ನಿವೊಲುಮಾಬ್ ಬಂದವು. ಹೆಸರುಗಳು ರಾಕ್ಷಸರ ಹೆಸರಿನಂತಿವೆ, ನಾನೂ ಮೊದಲ ತಿಂಗಳು ಚೀಟಿ ನೋಡಿಯೇ ಹೇಳುತ್ತಿದ್ದೆ. ಇದಕ್ಕೆ ದಾರಿ ಮಾಡಿಕೊಟ್ಟ ಅಮೆರಿಕದ ಜೇಮ್ಸ್ ಆಲಿಸನ್ ಮತ್ತು ಜಪಾನಿನ ತಸುಕು ಹೊಂಜೊ ಅವರಿಗೆ ನೊಬೆಲ್ ಪ್ರಶಸ್ತಿ ಘೋಷಣೆಯಾದದ್ದು 2018ರ ಅಕ್ಟೋಬರ್ 1ರಂದು. ಅದೇ ವರ್ಷದ ಆಗಸ್ಟಿನಲ್ಲಿ ಕೊಡಗಿನ ನಮ್ಮ ಗುಡ್ಡಗಳು ಕುಸಿದಿದ್ದವು. ಪತ್ರಿಕೆಯಲ್ಲಿ ಆ ಸುದ್ದಿ ಬಂದಿತ್ತೇನೋ, ನಮ್ಮ ಕಣ್ಣು ಬೀಳಲಿಲ್ಲ. ನಾವಾಗ ಮನೆ ಕಳೆದುಕೊಂಡ ಮಕ್ಕಳ ಅಂಕಪಟ್ಟಿಗಳನ್ನು ಮತ್ತೆ ಬರೆಸಿಕೊಡುವ ಕೆಲಸದಲ್ಲಿದ್ದೆವು.

ಈ ಔಷಧ ಕೆಲಸ ಮಾಡುವ ಬಗೆಯನ್ನು ತೋಟದ ಭಾಷೆಯಲ್ಲೇ ಹೇಳಿಬಿಡುತ್ತೇನೆ. ನಿಮ್ಮ ಕಣದಲ್ಲಿ ಕಾಫಿ ಒಣಹಾಕಿದೆ, ಕಾವಲಿಗೆ ನಾಯಿ ಇದೆ. ನೀವು ಒಂದು ಸಿಳ್ಳೆ ಹಾಕಿದರೆ ಅದು ಬಾಲ ಮಡಚಿ ಕೂರುತ್ತದೆ. ಇಲ್ಲದಿದ್ದರೆ ಬಂದ ನೆಂಟರನ್ನೆಲ್ಲ ಕಚ್ಚುತ್ತಿತ್ತು. ಕಳ್ಳ ಆ ಸಿಳ್ಳೆ ಕಲಿತುಕೊಂಡಿದ್ದಾನೆ. ರಾತ್ರಿ ಬಂದು ಸಿಳ್ಳೆ ಹಾಕುತ್ತಾನೆ, ನಾಯಿ ಕೂರುತ್ತದೆ, ಮೂಟೆ ಹೋಗುತ್ತದೆ. ನಮ್ಮ ರಕ್ತದಲ್ಲಿ ರೋಗದ ವಿರುದ್ಧ ಕಾವಲಿರುವ ಟಿ-ಕೋಶವೇ ಆ ನಾಯಿ. ಕ್ಯಾನ್ಸರಿನ ಕೋಶ ಸಿಳ್ಳೆ ಕಲಿತ ಕಳ್ಳ. ಈ ಔಷಧ ಕಳ್ಳನನ್ನು ಮುಟ್ಟುವುದೇ ಇಲ್ಲ. ನಾಯಿಯ ಕಿವಿಗೆ ಹತ್ತಿ ತುರುಕುತ್ತದೆ. ಇನ್ನು ಸಿಳ್ಳೆ ಕೇಳಿಸದು, ನಾಯಿ ಎಗರುತ್ತದೆ. ಆದರೆ ಈಗ ನೀವು ಸಿಳ್ಳೆ ಹಾಕಿದರೂ ಕೇಳಿಸದು. ಅಂಚೆಯವರು, ಹಾಲಿನವರು, ಮನೆಯ ಅಳಿಯ, ಯಾರನ್ನು ಕಚ್ಚುತ್ತದೆಂದು ಹೇಳಲಾಗದು. ಅಡ್ಡಪರಿಣಾಮ ಎಂದರೆ ಅದೇ.

ರೋಗದ ಕೋಶದಲ್ಲಿ ಬಿರಾಫ್ ಎಂಬ ವಂಶವಾಹಿ ಬದಲಾಗಿದ್ದರೆ ಅದಕ್ಕೆ ನೇರವಾದ ಮಾತ್ರೆಗಳಿವೆ. ಅಂಗಾಲಿನ ಮೆಲನೋಮದಲ್ಲಿ ಆ ಬದಲಾವಣೆ ಕಡಿಮೆ. ನನ್ನಲ್ಲೂ ಇರಲಿಲ್ಲ. 2022ರ ಜೂನ್ ತಿಂಗಳಿಂದ ಮೂರು ವಾರಕ್ಕೊಮ್ಮೆ ಪೆಂಬ್ರೊಲಿಜುಮಾಬ್. ಬೆಳಗಿನ ಜಾವದ ಬಸ್ಸಿನಲ್ಲಿ ಮೈಸೂರು, ರಕ್ತಪರೀಕ್ಷೆ, ವರದಿಗೆ ಕಾಯುವುದು, ಆಮೇಲೆ ಅರ್ಧ ಗಂಟೆಯ ಡ್ರಿಪ್. ನೀರಿನಂತೆ ಬಣ್ಣವಿಲ್ಲದ ದ್ರವ. ಅದು ಇಳಿಯುವ ಅರ್ಧ ಗಂಟೆಗಾಗಿ ಇಡೀ ದಿನ. ಯಡವನಾಡಿನಲ್ಲಿ ಆನೆ ಅಡ್ಡ ನಿಂತ ದಿನ ಆಸ್ಪತ್ರೆಯಲ್ಲಿ ತಡವಾದದ್ದಕ್ಕೆ ಕಾರಣ ಹೇಳಿದೆ. ಕೌಂಟರಿನ ಹುಡುಗಿ ನಗಬಾರದೆಂದು ಎಷ್ಟೋ ತಡೆದುಕೊಂಡಳು, ಆಗಲಿಲ್ಲ.

ತಲೆಗೂದಲು ಉದುರಲಿಲ್ಲ. ಇದು ಕೀಮೋ ಅಲ್ಲ, ಉದುರುವುದಿಲ್ಲ. ಆದರೆ ಊರಿನ ಲೆಕ್ಕದಲ್ಲಿ ಕೂದಲು ಉದುರದಿದ್ದರೆ ಕ್ಯಾನ್ಸರೇ ಅಲ್ಲ. ‘ಟೀಚರಿಗೆ ಏನೂ ಇಲ್ಲವಂತೆ, ಸುಮ್ಮನೆ ದುಡ್ಡು ಕೀಳುತ್ತಿದ್ದಾರೆ’ ಎಂಬ ಮಾತು ಬಸ್ ನಿಲ್ದಾಣದಿಂದ ನನ್ನ ಕಿವಿಗೇ ಬಂತು.

ಆಗಸ್ಟಿನದ್ದೊಂದು ಕತೆ ಹೇಳಲೇಬೇಕು. ಆಟಿ ಹದಿನೆಂಟರ ದಿನ ಮನೆಯಲ್ಲಿ ಮದ್ದುಸೊಪ್ಪಿನ ಪಾಯಸ. ಹದಿನೆಂಟು ಬಗೆಯ ಔಷಧ ಅಂದು ಆ ಸೊಪ್ಪಿನಲ್ಲಿ ಸೇರುತ್ತದೆ ಎನ್ನುವ ನಂಬಿಕೆ. ಬೇಯಿಸಿದರೆ ರಸ ಕಡುನೇರಳೆ, ಮನೆಯೆಲ್ಲ ಘಮ. ಎರಡು ಬಟ್ಟಲು ತಿಂದೆ. ಮರುದಿನವೇ ಮೈಸೂರಿನಲ್ಲಿ ನನ್ನ ಸರದಿ. ಮೂತ್ರದ ಮಾದರಿ ಕೊಟ್ಟೆ: ಕೆಂಪು. ನರ್ಸಮ್ಮ ಗಾಬರಿಯಾದರು. ಈ ಔಷಧ ಮೂತ್ರಪಿಂಡವನ್ನೂ ಕೆಣಕಬಹುದು, ಆದ್ದರಿಂದ ಡ್ರಿಪ್ ನಿಲ್ಲಿಸಿ ಎಂದು ಓಡಾಟ ಶುರುವಾಯಿತು. ನನಗೋ ಹೇಳಲು ನಾಚಿಕೆ, ಹೇಳದಿದ್ದರೆ ಭಯ. ಅಷ್ಟರಲ್ಲಿ ಲ್ಯಾಬಿನಿಂದ ಒಬ್ಬ ಹುಡುಗಿ ತಲೆ ಹೊರಹಾಕಿ, ‘ಆಂಟಿ, ನೀವು ಕೊಡಗಿನವರಾ? ನಿನ್ನೆ ಮದ್ದುಸೊಪ್ಪು ತಿಂದಿರಾ?’ ಎಂದಳು. ವಿರಾಜಪೇಟೆ ಕಡೆಯವಳಂತೆ. ಪರೀಕ್ಷೆಯಲ್ಲಿ ರಕ್ತದ ಕಣ ಇರಲಿಲ್ಲ. ಆ ದಿನ ಡ್ರಿಪ್ ಎರಡು ಗಂಟೆ ತಡವಾಯಿತು, ವೈದ್ಯರು ನನ್ನ ಕಡತದಲ್ಲಿ ಪಾಯಸದ ವಿಷಯ ಬರೆದುಕೊಂಡರು.

ನಾಯಿ ನಿಜವಾಗಿ ಕಚ್ಚಿದ್ದು ಮೊದಲು ಥೈರಾಯ್ಡ್ ಗ್ರಂಥಿಯನ್ನು. ಕೆಲವು ವಾರ ಎದೆ ಢವಢವ, ಬೆವರು. ಆಮೇಲೆ ಗ್ರಂಥಿಯೇ ಸುಸ್ತಾಗಿ ಕೂತಿತು. ಈಗ ಜೀವನವಿಡೀ ಬೆಳಗ್ಗೆ ಖಾಲಿ ಹೊಟ್ಟೆಗೆ ಥೈರಾಕ್ಸಿನ್ ಮಾತ್ರೆ. ಕಾಫಿ ಆ ಮಾತ್ರೆಯನ್ನು ಮೈಗೆ ಹತ್ತಲು ಬಿಡುವುದಿಲ್ಲ, ಹಾಗಾಗಿ ಮಾತ್ರೆ ನುಂಗಿ ಒಂದು ಗಂಟೆ ಕಾಯಬೇಕು. ಇಡೀ ರೋಗದಲ್ಲಿ ನನಗೆ ತೀರಾ ಅನ್ಯಾಯವೆನಿಸಿದ್ದು ಇದೇ.

ನವೆಂಬರಿನಲ್ಲಿ ಹೊಟ್ಟೆ ಕೆಟ್ಟಿತು. ದಿನಕ್ಕೆ ಎಂಟು ಸಲ. ನೀರು, ಅಡುಗೆ, ಮದುವೆಮನೆ ಊಟ, ಎಲ್ಲದರ ಮೇಲೂ ಅನುಮಾನ ಬಂತು. ಹತ್ತಿರದಲ್ಲಿ ತೋರಿಸಿದ್ದರೆ ಭೇದಿ ನಿಲ್ಲುವ ಮಾತ್ರೆ ಕೊಟ್ಟು ಕಳಿಸುತ್ತಿದ್ದರು. ಅದು ತಪ್ಪೂ ಅಲ್ಲ, ಎಲ್ಲರಿಗೂ ಅದನ್ನೇ ಕೊಡುತ್ತಾರೆ. ಆದರೆ ನನ್ನ ಪರ್ಸಿನಲ್ಲಿ ಒಂದು ಚೀಟಿ ಇತ್ತು: ‘ಈ ರೋಗಿ ಇಮ್ಯುನೋಥೆರಪಿ ಪಡೆಯುತ್ತಿದ್ದಾರೆ’, ಕೆಳಗೆ ವೈದ್ಯರ ಫೋನ್ ಸಂಖ್ಯೆ. ನಾಯಿಯ ಕಿವಿಗೆ ಹತ್ತಿ ತುರುಕುವ ಈ ಚಿಕಿತ್ಸೆಯ ಹೆಸರೇ ಇಮ್ಯುನೋಥೆರಪಿ. ಮಗ ರಾತ್ರಿ ಹತ್ತಕ್ಕೆ ಫೋನ್ ಮಾಡಿದ, ಬೆಳಗಾಗುವುದರೊಳಗೆ ಮೈಸೂರಿನಲ್ಲಿದ್ದೆವು. ಕರುಳನ್ನು ನನ್ನದೇ ಕೋಶಗಳು ಕಚ್ಚುತ್ತಿದ್ದವು. ಔಷಧ ಸ್ಟೀರಾಯ್ಡ್. ಈ ಚಿಕಿತ್ಸೆಯಲ್ಲಿರುವವರು ಇಲ್ಲಿ ಯಾರಾದರೂ ಇದ್ದರೆ, ಅಥವಾ ನಿಮ್ಮ ಮನೆಯವರಿದ್ದರೆ, ಆ ಚೀಟಿ ಇಟ್ಟುಕೊಳ್ಳಿ. ಭೇದಿ, ಹೊಸ ಕೆಮ್ಮು, ಏದುಸಿರು, ಕಣ್ಣು ಹಳದಿ, ವಿಪರೀತ ತಲೆನೋವು, ಎದ್ದು ನಿಲ್ಲಲಾರದ ಸುಸ್ತು ಬಂದರೆ ಮುಂದಿನ ಸರದಿಯವರೆಗೆ ಕಾಯಬೇಡಿ. ಔಷಧ ನಿಲ್ಲಿಸಿ ತಿಂಗಳುಗಳಾದ ಮೇಲೂ ಇವು ಬರಬಹುದು.

ಸ್ಟೀರಾಯ್ಡನ್ನು ವಾರಗಟ್ಟಲೆ ಮೆಲ್ಲಮೆಲ್ಲನೆ ಇಳಿಸುತ್ತಾರೆ. ಆ ವಾರಗಳಲ್ಲಿ ನನಗೆ ನಿದ್ರೆಯಿಲ್ಲ, ಹಸಿವು ಮಾತ್ರ ಭೀಮನದು. ರಾತ್ರಿ ಎರಡು ಗಂಟೆಗೆ ಅಡುಗೆಮನೆಯಲ್ಲಿ ಉಳಿದ ಅಕ್ಕಿ ರೊಟ್ಟಿಗೆ ಬೆಣ್ಣೆ ಹಚ್ಚುತ್ತಾ ಕೂರುತ್ತಿದ್ದೆ. ಒಂದು ರಾತ್ರಿ ಇವರೂ ಎದ್ದು ಬಂದರು. ಲೆಕ್ಕದ ಪುಸ್ತಕ ಕೈಯಲ್ಲಿತ್ತು. ಮೆಣಸಿನ ಬಾಬ್ತು ಏನೋ ಕೇಳಲಿಕ್ಕೆ ಎಂದು ನೆಪ. ನಾನು ಸಾಯುವ ಮಾತನ್ನು ಎಂದೂ ನೇರವಾಗಿ ಆಡಿರಲಿಲ್ಲ. ಅಂದು ಬ್ಯಾಂಕಿನ ಲಾಕರಿನ ಕೀಲಿ ಎಲ್ಲಿದೆ, ಯಾರಿಗೆ ಎಷ್ಟು ಕೊಡಬೇಕು, ಕಣದ ಹಿಂದಿನ ಜಾಗದ ಕಾಗದ ಯಾವ ಪೆಟ್ಟಿಗೆಯಲ್ಲಿ ಎಂದೆಲ್ಲ ಒಂದೊಂದಾಗಿ ಹೇಳಿದೆ. ಅವರು ಬರೆದುಕೊಂಡರು. ಬರೆದು ಮುಗಿಸಿ ಪುಸ್ತಕ ಮುಚ್ಚಿ, ‘ರೊಟ್ಟಿ ಹಿಟ್ಟಿಗೆ ಅನ್ನ ಎಷ್ಟು ಹಾಕುತ್ತೀಯೆ?’ ಎಂದು ಕೇಳಿದರು. ಮೂವತ್ತೇಳು ವರ್ಷದ ಸಂಸಾರದಲ್ಲಿ ಒಲೆ ಹೊತ್ತಿಸದವರು. ನಾನು ಅಳೆದು ತೋರಿಸಿದೆ. ಈಗ ಭಾನುವಾರದ ರೊಟ್ಟಿ ಅವರದೇ, ದುಂಡಗೆ ಬರುವುದಿಲ್ಲ.

ಮರುವರ್ಷ ಮುಂಗೈಯಲ್ಲಿ, ಕತ್ತಿನಲ್ಲಿ ಬಿಳಿ ಮಚ್ಚೆಗಳೆದ್ದವು. ತೊನ್ನು. ನೆಂಟರೊಬ್ಬರು ನಾಗದೋಷ ಎಂದರು; ಪುಷ್ಪಗಿರಿಯ ಆಚೆಗೇ ಸುಬ್ರಹ್ಮಣ್ಯ, ಹೋಗಿ ಬನ್ನಿ ಎಂದರು. ಹೋಗಿ ಬಂದೆ ಕೂಡ, ಹೋಗದಿರಲು ಕಾರಣವಿರಲಿಲ್ಲ. ಆದರೆ ವಿಜ್ಞಾನದ ಟೀಚರಾಗಿ ನನಗೆ ಒಳಗೊಳಗೇ ಖುಷಿ. ಕ್ಯಾನ್ಸರ್ ಹುಟ್ಟಿದ್ದು ಮೆಲನೋಸೈಟಿನಿಂದ. ಎಚ್ಚೆತ್ತ ಟಿ-ಕೋಶಗಳು ರೋಗದ ಮೆಲನೋಸೈಟ್ ಯಾವುದು, ಒಳ್ಳೆಯ ಮೆಲನೋಸೈಟ್ ಯಾವುದು ಎಂದು ನೋಡದೆ ಎರಡನ್ನೂ ಹೊಡೆಯುತ್ತಿದ್ದವು. ಹೀಗೆ ತೊನ್ನು ಬಂದ ಮೆಲನೋಮ ರೋಗಿಗಳಿಗೆ ಔಷಧ ಹೆಚ್ಚು ಫಲ ಕೊಡುವುದು ಕಂಡುಬಂದಿದೆ. ಅದೇ ತಿಂಗಳ ಸ್ಕ್ಯಾನಿನಲ್ಲಿ ಯಕೃತ್ತಿನ ಚುಕ್ಕೆ ಇರಲಿಲ್ಲ, ಶ್ವಾಸಕೋಶದ ನಾಲ್ಕರಲ್ಲಿ ಮೂರು ಮಾಯವಾಗಿದ್ದವು.

ಆ ಸ್ಕ್ಯಾನ್ ಬಗ್ಗೆಯೂ ಒಂದು ಮಾತು. ಗ್ಲೂಕೋಸಿಗೆ ವಿಕಿರಣ ಸೂಸುವ ಫ್ಲೋರಿನ್ ಅಂಟಿಸಿ ರಕ್ತಕ್ಕೆ ಬಿಡುತ್ತಾರೆ. ಸಕ್ಕರೆ ಹೆಚ್ಚು ತಿನ್ನುವ ಕಡೆ ಅದು ಸೇರಿಕೊಂಡು ಚಿತ್ರದಲ್ಲಿ ಬೆಳಗುತ್ತದೆ. ಆ ದಿನ ಸಂಜೆಯವರೆಗೆ ಚಿಕ್ಕ ಮಕ್ಕಳಿಂದ, ಗರ್ಭಿಣಿಯರಿಂದ ದೂರ ಇರಬೇಕು. ಮೊಮ್ಮಗಳು ಬಾಗಿಲ ಆಚೆ ನಿಂತು, ‘ಅಜ್ಜೀ, ರಾತ್ರಿ ನೀನು ಮಿಣುಕುಹುಳದ ಹಾಗೆ ಹೊಳೆಯುತ್ತೀಯಾ?’ ಎಂದು ಕೇಳಿದಳು. ಅದರ ಅರ್ಧಾಯು 110 ನಿಮಿಷ, ಮಲಗುವ ಹೊತ್ತಿಗೆ ಬಹುಪಾಲು ಆರಿಹೋಗಿರುತ್ತದೆ ಎಂದೆ. ಅವಳಿಗೆ ನಿರಾಸೆಯಾಯಿತು.

2024ರ ಜನವರಿಯಲ್ಲಿ ಮೆದುಳಿನಲ್ಲಿ ಒಂದು ಚುಕ್ಕೆ ಕಂಡಿತು. ಮೆಲನೋಮಕ್ಕೆ ಮೆದುಳು ಇಷ್ಟದ ಜಾಗ. ತಲೆ ಒಡೆಯಲಿಲ್ಲ, ಸಣ್ಣ ಗುರಿಗೆ ವಿಕಿರಣ ಹಾಯಿಸುವ ಚಿಕಿತ್ಸೆ, ಒಂದೇ ದಿನದ್ದು. ತಲೆ ಅಲುಗದಂತೆ ಮುಖವಾಡ ಮಾಡುತ್ತಾರೆ. ಜಾಲರಿಯಂಥ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಲ್ಲಿ ಅದ್ದಿದಾಗ ಅದು ಬೆಂಕಿಗೆ ಬಾಡಿಸಿದ ಬಾಳೆಎಲೆಯಂತಾಗುತ್ತದೆ, ಬಿಸಿಬಿಸಿಯಾಗಿ ಮುಖದ ಮೇಲೆ ಹರಡಿ ಒತ್ತುತ್ತಾರೆ. ಎಲೆಯೊಳಗಿನ ಕಡುಬಿನ ಪಾಡು ಅಂದು ಗೊತ್ತಾಯಿತು. ಮುಗಿದ ಮೇಲೆ ಆ ಮುಖವಾಡವನ್ನು ಮನೆಗೆ ಕೊಟ್ಟರು. ಕೊಟ್ಟಿಗೆಯ ಮಾಡಿನಲ್ಲಿ ನೇತುಹಾಕಿದ್ದೇವೆ, ಮಂಗಗಳು ಅದನ್ನು ಕಂಡರೆ ಹತ್ತಿರ ಬರುವುದಿಲ್ಲ.

ಖರ್ಚು ಕೇಳುತ್ತೀರಿ, ಗೊತ್ತು. ಪೂರ್ತಿ ಅಳತೆಯ ಒಂದು ಡೋಸಿಗೆ ಲಕ್ಷದ ಲೆಕ್ಕ. ಮಗನ ವಿಮೆ ಒಂದಷ್ಟು, ತೋಟದ ಸಿಲ್ವರ್ ಓಕ್ ಮರಗಳು ಒಂದಷ್ಟು, ಉಳಿದದ್ದು ನಿವೃತ್ತಿಯ ಹಣ. ಮರ ಕಡಿದಲ್ಲಿ ಮೆಣಸಿನ ಬಳ್ಳಿಯೂ ಹೋಯಿತು. ಕ್ಯಾನ್ಸರ್ ರೋಗಿಗಳಿಗೆ ರೈಲಿನಲ್ಲಿ ರಿಯಾಯಿತಿ ಇದೆ ಎಂದು ಒಬ್ಬರು ಬಹಳ ಸಂತೋಷದಿಂದ ತಿಳಿಸಿದರು. ಕೊಡಗಿನಲ್ಲಿ ರೈಲೇ ಇಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ನಿವೊಲುಮಾಬನ್ನು ಬಹಳ ಕಡಿಮೆ ಅಳತೆಯಲ್ಲಿ, ಮೂರು ವಾರಕ್ಕೆ ಬರೀ 20 ಮಿಲಿಗ್ರಾಂ, ಅಗ್ಗದ ಮಾತ್ರೆಗಳ ಜೊತೆ ಕೊಟ್ಟು ನೋಡಿದರು. ಒಂದು ವರ್ಷ ಬದುಕಿದವರ ಪ್ರಮಾಣ ಶೇಕಡ 16ರಿಂದ 43ಕ್ಕೆ ಏರಿತು. ಅದು ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನ ಅಧ್ಯಯನ, ನನ್ನ ರೋಗದ್ದಲ್ಲ. ಆದರೂ ಮರ ಇಲ್ಲದವರ ಬಗ್ಗೆ ಯೋಚಿಸಿದವರು ನಮ್ಮ ದೇಶದಲ್ಲೇ ಇದ್ದಾರಲ್ಲ ಎಂದು ಓದಿದಾಗ ಮನಸ್ಸಿಗೆ ಹಿತವಾಯಿತು.

ಈಗ ಆಮಂತ್ರಣ ಪತ್ರಿಕೆಯ ಜಗಳ. ಇದರಲ್ಲಿ ನನ್ನನ್ನು ‘ಕ್ಯಾನ್ಸರ್ ಗೆದ್ದ ಶಿಕ್ಷಕಿ’ ಎಂದು ಅಚ್ಚು ಹಾಕಿಸಿದ್ದಾರೆ. ತಿದ್ದಿ ಎಂದೆ, ಅಷ್ಟರಲ್ಲಿ ಹಂಚಿಯಾಗಿತ್ತು. ನಾನು ಗೆದ್ದಿಲ್ಲ. ಸೋತೂ ಇಲ್ಲ. ಸೋಮವಾರದ ಸಂತೆಯಲ್ಲಿ ತರಕಾರಿಗೆ ಹೋದರೆ ಕನಿಷ್ಠ ಮೂವರು ಕೇಳುತ್ತಾರೆ: ‘ಗುಣವಾಯಿತೇ ಟೀಚರ್?’ ಮೊದಮೊದಲು ‘ಹೌದು’ ಎನ್ನುತ್ತಿದ್ದೆ. ಆಗ ಅವರು, ‘ನಾನು ಹೇಳಿರಲಿಲ್ಲವೇ’ ಎಂದು ಮುಂದೆ ಹೋಗುತ್ತಿದ್ದರು. ಮುಂದಿನ ಸ್ಕ್ಯಾನಿಗೆ ನಾನು ನಡುಗುವುದು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಆಮೇಲೆ ‘ಇಲ್ಲ’ ಎನ್ನತೊಡಗಿದೆ. ಆಗ ಅವರ ಮುಖ ಇಳಿದುಹೋಗಿ, ಸಂಜೆಯೊಳಗೆ ಒಂದು ಕಿಲೋ ಸೇಬು ಮನೆಗೆ ಬರುತ್ತಿತ್ತು, ಕೊನೆಯ ಸಲ ನೋಡುವವರ ಹಾಗೆ ನೋಡುತ್ತಿದ್ದರು. ಎರಡೂ ಸುಳ್ಳು.

ಸಕ್ಕರೆ ಕಾಯಿಲೆಯವರನ್ನು ಯಾರೂ ‘ಗುಣವಾಯಿತೇ’ ಎಂದು ಕೇಳುವುದಿಲ್ಲ. ‘ಎಷ್ಟಿದೆ?’ ಎನ್ನುತ್ತಾರೆ. ಅವರು ಒಂದು ಅಂಕಿ ಹೇಳುತ್ತಾರೆ, ಇವರು ಮೆಂತ್ಯದ ವಿಷಯ ಹೇಳುತ್ತಾರೆ, ಮಾತು ಕಾಫಿ ರೇಟಿಗೆ ಹೊರಳುತ್ತದೆ. ನನ್ನನ್ನೂ ಹಾಗೆಯೇ ಕೇಳಿ. ಎಷ್ಟಿದೆ? ಬಲ ಶ್ವಾಸಕೋಶದಲ್ಲಿ ಆರು ಮಿಲಿಮೀಟರಿನ ಒಂದು ಚುಕ್ಕೆ. ಒಂದೂವರೆ ವರ್ಷದಿಂದ ಅಷ್ಟೇ ಇದೆ. 2024ರ ಸೆಪ್ಟೆಂಬರಿನಲ್ಲಿ ಔಷಧ ನಿಲ್ಲಿಸಿದರು. ಮೂರು ತಿಂಗಳಿಗೊಮ್ಮೆ ಸ್ಕ್ಯಾನ್. ಅದರ ಹಿಂದಿನ ವಾರ ನನ್ನ ಹತ್ತಿರ ಯಾರೂ ಜಗಳಕ್ಕೆ ಬರಬೇಡಿ. ಉಳಿದ ಹನ್ನೆರಡು ವಾರ ನಾನು ಎಲ್ಲರ ಹಾಗೆ.

ಲೆಕ್ಕ ಬೇಕೆನ್ನುವವರಿಗೆ: 2024ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಹಬ್ಬಿದ ಮೆಲನೋಮಕ್ಕೆ ಇಪಿಲಿಮುಮಾಬ್ ಮತ್ತು ನಿವೊಲುಮಾಬ್ ಎರಡನ್ನೂ ಪಡೆದವರಲ್ಲಿ ಶೇಕಡ 43 ಮಂದಿ ಹತ್ತು ವರ್ಷದ ನಂತರವೂ ಬದುಕಿದ್ದರು, ನಿವೊಲುಮಾಬ್ ಒಂದನ್ನೇ ಪಡೆದವರಲ್ಲಿ ಶೇಕಡ 37. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರಿಗೆ 2015ರಲ್ಲಿ, 90ರ ವಯಸ್ಸಿನಲ್ಲಿ, ಮೆಲನೋಮ ಯಕೃತ್ತು, ಮೆದುಳಿಗೆ ಹಬ್ಬಿತ್ತು. ನಾನು ಪಡೆದ ಔಷಧವನ್ನೇ ಪಡೆದು ಅವರು 100 ವರ್ಷ ಬದುಕಿದರು. ಆದರೆ ಇಂಥ ಅಧ್ಯಯನಗಳಲ್ಲಿ ಇರುವವರು ಹೆಚ್ಚಾಗಿ ಬಿಳಿಯರು. ಅಂಗಾಲಿನ ಮೆಲನೋಮಕ್ಕೆ ಈ ಔಷಧಗಳು ಅಷ್ಟು ಚೆನ್ನಾಗಿ ನಾಟುವುದಿಲ್ಲ. ನನ್ನ ಜೊತೆ ಡ್ರಿಪ್ ಹಾಕಿಸಿಕೊಳ್ಳುತ್ತಿದ್ದ, ನನ್ನದೇ ರೋಗದ ಹಾಸನದ ಕಡೆಯ ಒಬ್ಬರು ನಾಲ್ಕನೆಯ ಡೋಸಿಗೆ ಬರಲಿಲ್ಲ. ಅವರ ಕುರ್ಚಿ ಕಿಟಕಿಯ ಪಕ್ಕದಲ್ಲಿತ್ತು. ಆಮೇಲೆ ನನಗೆ ಅದನ್ನೇ ಕೊಟ್ಟರು.

ಕೊನೆಯಲ್ಲಿ ಪ್ರಶ್ನೆಗಳಿದ್ದವು. ಮುಟ್ಟಿದರೆ ಹರಡುತ್ತದೆಯೇ? ಇಲ್ಲ. ಉಗುರಿನಲ್ಲಿ ಕಪ್ಪು ಗೆರೆ ಇದ್ದರೆಲ್ಲ ಇದೇನಾ? ಅಲ್ಲ, ನಮ್ಮ ಬಣ್ಣದವರಿಗೆ ಅದು ಸಾಮಾನ್ಯ; ಒಂದೇ ಉಗುರಿನಲ್ಲಿ ಗೆರೆ ಅಗಲವಾಗುತ್ತಾ ಹೋದರೆ, ಬಣ್ಣ ಉಗುರು ದಾಟಿ ಚರ್ಮಕ್ಕೆ ಇಳಿದರೆ ತೋರಿಸಿ. ಲಕ್ಷ್ಮಣಫಲದ ಎಲೆಯ ಕಷಾಯ? ಏನು ಕುಡಿದರೂ ವೈದ್ಯರಿಗೆ ಹೇಳಿ ಕುಡಿಯಿರಿ. ಯಕೃತ್ತಿನ ಅಂಕಿ ಏರಿದಾಗ ಕಚ್ಚಿದ್ದು ನಾಯಿಯೋ ಕಷಾಯವೋ ಎಂದು ತಿಳಿಯದೆ ಔಷಧವನ್ನೇ ನಿಲ್ಲಿಸಬೇಕಾಗುತ್ತದೆ.

ಸಭೆ ಮುಗಿದು ಕುರ್ಚಿ ಮಡಚುವಾಗ ಇಬ್ಬರು ಉಳಿದುಕೊಂಡಿದ್ದರು. ಒಬ್ಬರು ಗಮ್ ಬೂಟಿನ ಹಿರಿಯರು. ಪ್ಯಾಂಟು ಮಡಚಿ ಹಿಮ್ಮಡಿ ತೋರಿಸಿದರು, ಕಪ್ಪಗೆ ದೊಡ್ಡ ಕಲೆ. ಹೊರಗಿನ ನಲ್ಲಿಯ ಬಳಿ ಕರೆದುಕೊಂಡು ಹೋಗಿ ಸೋಪು ಹಾಕಿ ಉಜ್ಜಿಸಿದೆ. ಹೋಯಿತು. ಕಾಫಿ ಕರೆ. ಅವರಿಗೆ ಸಂಕೋಚ, ನನಗೆ ಸಮಾಧಾನ.

ಇನ್ನೊಬ್ಬಳು ತೋಟದ ಕೂಲಿಯವರಿರುವ ಲೈನ್ ಮನೆಯ ಹೆಂಗಸು, ನಲವತ್ತೈದು ಇರಬಹುದು. ಎಡಗಾಲಿನ ಕಿರುಬೆರಳ ಕೆಳಗೆ, ನೆಲಕ್ಕೆ ತಾಗುವ ಕಡೆ, ಅಡಿಕೆ ಹೋಳಿನಷ್ಟು. ಎರಡು ಸಲ ತೊಳೆಸಿದೆ. ಬೆಳಕಿಗೆ ಹಿಡಿದು ನೋಡಿದೆ. ಎಷ್ಟು ದಿನದಿಂದ ಎಂದರೆ, ಹೋದ ಪುತ್ತರಿಗೂ ಇತ್ತು ಎಂದಳು. ಆಣಿಗೆ ಹಚ್ಚುವ ಪಟ್ಟಿ ಅಂಟಿಸಿದ್ದಳಂತೆ. ನನ್ನ ಆಮಂತ್ರಣ ಪತ್ರಿಕೆಯನ್ನೇ ತಿರುವಿ, ಖಾಲಿ ಬದಿಯಲ್ಲಿ ಮಡಿಕೇರಿಯ ಚರ್ಮ ವಿಭಾಗದ ವೈದ್ಯರಿಗೆಂದು ಎರಡು ಸಾಲು ಬರೆದು ಕೊಟ್ಟೆ: ‘ದಯವಿಟ್ಟು ಕೆರೆಯಬೇಡಿ. ತುಣುಕನ್ನು ಬಯಾಪ್ಸಿಗೆ ಕಳಿಸಿ.’ ಕೆಳಗೆ ನನ್ನ ಫೋನ್ ಸಂಖ್ಯೆ. ಅವಳಿಗೆ ದಿನಗೂಲಿ ತಪ್ಪುತ್ತದೆ, ಹಾಗಾಗಿ ಬುಧವಾರ ನಾನೂ ಜೊತೆಗೆ ಹೋಗುತ್ತೇನೆ ಎಂದು ಅವಳ ಮೇಸ್ತ್ರಿಗೆ ಅಲ್ಲಿಂದಲೇ ಫೋನ್ ಮಾಡಿದೆ.